ಮದ್ದಿನ ಠೇವಣಿ



ಬ್ಯಾಂಕಿನ ಕೌಂಟರಿನಲ್ಲಿ ಕೂತು ಎಷ್ಟೋ ಸಾಲದ ಅರ್ಜಿಗಳನ್ನು ಹಿಂದಕ್ಕೆ ಕೊಟ್ಟವನು ನಾನು. ಕಾಲೇಜು ಓದಿಗೆಂದು ಬಂದ ಹುಡುಗನೊಬ್ಬ ಬರಿಗೈಯಲ್ಲಿ ಮೆಟ್ಟಿಲಿಳಿದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅದಕ್ಕೇ ಈ ವಿಜ್ಞಾನಿಯ ಕಥೆ ನನ್ನ ಮನಸ್ಸಿಗೆ ನಾಟಿತು.

ಅವರು ಅಮೆರಿಕದ ರಾಬರ್ಟ್ ಲ್ಯಾಂಗರ್. ಹುಟ್ಟಿದ್ದು 1948ರಲ್ಲಿ. ರಾಸಾಯನಿಕ ಇಂಜಿನಿಯರಿಂಗ್ ಕಲಿತವರು. ಎಣ್ಣೆ ಕಂಪನಿಗಳು ಕರೆದರೂ ಹೋಗದೆ, 1974ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರ್ ಜೂಡಾ ಫೋಕ್‌ಮನ್ನರ ಬಳಿ ಸೇರಿದರು. ಪ್ಲಾಸ್ಟಿಕ್ ಜಾತಿಯ ಪಾಲಿಮರಿನೊಳಗೆ ಮದ್ದಿಟ್ಟು, ದಿನಕ್ಕಿಷ್ಟೆಂದು ಹೊರಬಿಡುವ ಯೋಚನೆ ಅವರದು. ನಮ್ಮ ಮಾಸಿಕ ಬಡ್ಡಿಯ ಠೇವಣಿಯಂತೆಯೇ ಅನ್ನಿ! ಪ್ರೋಟೀನಿನಂಥ ದೊಡ್ಡ ಅಣು ಹಾಗೆ ಹೊರಬಾರದೆಂದು ಬಲ್ಲವರು ನಂಬಿದ್ದರು. ಬರುತ್ತದೆಂದು 1976ರಲ್ಲಿ ತೋರಿಸಿದರು. ಆದರೂ ಧನಸಹಾಯ ಕೇಳಿದ ಮೊದಲ ಒಂಬತ್ತು ಅರ್ಜಿಗಳು ತಿರಸ್ಕೃತವಾದವು.

ಅವರು ಬಿಡಲಿಲ್ಲ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೋಮೀಟರು. ಆ ಅಳತೆಯ ಮದ್ದಿನ ಕಣ ರಕ್ತಕ್ಕೆ ಬಿದ್ದರೆ ಯಕೃತ್ತು ಬೇಗನೆ ಹಿಡಿದುಬಿಡುತ್ತದೆ. ಕಣಕ್ಕೆ ಇನ್ನೊಂದು ಪಾಲಿಮರಿನ ಹೊದಿಕೆ ಹಾಕಿದರೆ ಹೆಚ್ಚು ಹೊತ್ತು ತಿರುಗಾಡುತ್ತದೆಂದು ಅವರ ತಂಡ 1994ರಲ್ಲಿ ತೋರಿಸಿತು. ಮೆದುಳಿನ ಗಡ್ಡೆ ತೆಗೆದ ಜಾಗದಲ್ಲಿ ಇಡುವ ಮದ್ದಿನ ಬಿಲ್ಲೆಗೆ 1996ರಲ್ಲಿ ಅಲ್ಲಿನ ಸರಕಾರದ ಒಪ್ಪಿಗೆ ಸಿಕ್ಕಿತು. ರೋಗ ಪೂರ್ತಿ ಗುಣವಾಗದಿದ್ದರೂ ಕೆಲವರಿಗೆ ಕೆಲವು ತಿಂಗಳ ಆಯುಷ್ಯ ದಕ್ಕಿತು.

ಅರ್ಜಿ ವಾಪಸಾದ ಮನೆಯ ಮಕ್ಕಳೇ, ಹಿಂತಿರುಗಿದ್ದು ಕಾಗದ ಮಾತ್ರ. ತಿದ್ದಿ ಇನ್ನೊಮ್ಮೆ ಕೊಡಿ. ಕೌಂಟರಿನ ಈಚೆ ಕೂತವನು ತಡವಾಗಿ ಹೇಳುವ ಮಾತಿದು.