ಲೀವರ್ ರೈಫಲೂ ದುಬಾರಿ ತೋಟಾವೂ

ಲೀವರ್ ರೈಫಲಿಗೆಂದು ಮಾರುವ ದುಬಾರಿ ತೋಟಾ ಕೊಟ್ಟ ಹಣಕ್ಕೆ ತಕ್ಕುದೆ ಎಂಬ ಪ್ರಶ್ನೆಗೆ ಉತ್ತರವನ್ನು ನಾವು ಅಂಗಡಿಯಲ್ಲಿ ಹುಡುಕದೆ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಎರೆಯ ಬಯಲಿನಲ್ಲಿ ಹುಡುಕುವೆವು.

ಈ ರೈಫಲುಗಳಲ್ಲಿ ಹೆಚ್ಚಿನವು ತೋಟಾಗಳನ್ನು ನಳಿಗೆಯ ಕೆಳಗಣ ಕೊಳವೆಯಲ್ಲಿ ಒಂದರ ಹಿಂದೊಂದಾಗಿ ತುಂಬಿಕೊಳ್ಳುತ್ತವೆ. ಗುಂಡು ಮೊನಚಾಗಿದ್ದರೆ ಒದೆತಕ್ಕೆ ಮುಂದಿನ ತೋಟಾದ ಕೇಪನ್ನು ತಿವಿದು ಸಿಡಿಸೀತು. ಆದುದರಿಂದ ಅದರ ಮೂತಿ ಚಪ್ಪಟೆ. ಚಪ್ಪಟೆ ಮೂತಿಯ ಗುಂಡು ಗಾಳಿಯಲ್ಲಿ ಬೇಗನೆ ವೇಗಗೆಡುವುದು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ನರ 405 ವಿಂಚೆಸ್ಟರಿನದು ಪೆಟ್ಟಿಗೆಯ ಮ್ಯಾಗಜೀನು. ಅದಕ್ಕೆ ಈ ತೊಡಕಿರಲಿಲ್ಲ. ಮಿಕ್ಕವುಗಳಿಗಾಗಿ ಅಮೆರಿಕದ ಹಾರ್ನಡಿ ಕಂಪೆನಿಯು ಈ ಶತಮಾನದ ಮೊದಲ ದಶಕದಲ್ಲಿ ಮೆತ್ತನೆಯ ತುದಿಯ ಮೊನಚು ಗುಂಡನ್ನು ಹೊರತಂದಿತು. 200 ಗಜದಷ್ಟು ದೂರದಲ್ಲಿ ಅದರ ಮೇಲ್ಮೆ ನಿಜವಾದುದೇ.

ಆದರೆ ಈ ಬಯಲಿನಲ್ಲಿ ಅಷ್ಟು ದೂರ ನಿಲ್ಲುವುದು ಚಿಗರಿ, ಎಂದರೆ ಕೃಷ್ಣಮೃಗ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಅದನ್ನು, ಪೈರು ಮೇಯಿತೆಂಬ ಕಾರಣಕ್ಕೆ ಕೊಲ್ಲುವಂತಿಲ್ಲ. ರೈತನ ಸಂಕಟ ಸುಳ್ಳಲ್ಲ; ಪರಿಹಾರಕ್ಕಾಗಿ ಅವನು ಕಚೇರಿಯ ಮೆಟ್ಟಿಲು ಹತ್ತಬೇಕಷ್ಟೆ. ಬೆಳೆಯ ಸಲುವಾಗಿ ಅಧಿಕಾರಿಗಳ ಲಿಖಿತ ಅಪ್ಪಣೆ ದೊರೆಯಬಹುದಾದದ್ದು ಕಾಡುಹಂದಿಯ ವಿಷಯದಲ್ಲಿ. ಅದು ಬರುವುದೋ ಇರುಳಿನಲ್ಲಿ, ಜೋಳದ ದಂಟಿನ ನಡುವೆ, 50 ಗಜದೊಳಗೆ. ಅಲ್ಲಿ ಮೊನಚಿಗೆ ಕೆಲಸವೇನು? ಭುಜದ ಎಲುಬಿಗೆ ತಾಗಿದರೂ ಚೂರಾಗದ ಗಟ್ಟಿ ಗುಂಡು ಬೇಕು. ಹಳೆಯ ಚಪ್ಪಟೆ ಮೂತಿಯದೇ ಸಾಕೆಂಬುದು ನಮ್ಮ ಮತ. ಉಳಿದ ಹಣ ಗುರಿಯ ಅಭ್ಯಾಸಕ್ಕೆ ಹೋಗಲಿ. ಗಾಯಗೊಂಡು ದಂಟಿನೊಳಗೆ ನುಗ್ಗಿದ ಹಂದಿ ಬೆಳಿಗ್ಗೆ ಎದುರಾಗುವುದು ಕೊಯ್ಲಿಗೆ ಬಂದ ಹೆಂಗಸರಿಗೆ.