ತಂತಿ ಮೊದಲು ಬಂತು: ಅರಸೀಕೆರೆ, ಬೇಲೂರು ಸೀಮೆಯ ಕೇಬಲ್ ಕಾಲ



ಉಪಗ್ರಹ ಮತ್ತು ಕೇಬಲ್ ವಾಹಿನಿಗಳ ಆರಂಭದ ಚರಿತ್ರೆಯನ್ನು ಚರ್ಚಿಸುವ ಈ ಸಂಕಿರಣಕ್ಕೆ ಅರಸೀಕೆರೆಯೇ ಏಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ವಾಹಿನಿಗಳ ಸ್ಟುಡಿಯೋಗಳು ಇರುವುದು ಬೆಂಗಳೂರಿನಲ್ಲಿ, ಮಾಲೀಕರು ಇರುವುದು ಚೆನ್ನೈ, ಮುಂಬೈ, ಹೈದರಾಬಾದುಗಳಲ್ಲಿ. ಆದರೆ ಈ ಚರಿತ್ರೆಯ ಮೊದಲ ಅಧ್ಯಾಯ ನಡೆದದ್ದು ಇಲ್ಲಿಂದ ಸುಮಾರು 40 ಕಿ.ಮೀ. ದೂರದ ಹಾಸನದ ಸಾಲಗಾಮೆ ರಸ್ತೆಯಲ್ಲಿ. ಎರಡನೆಯ ಅಧ್ಯಾಯ ನಡೆದದ್ದು ನಿಮ್ಮ ಬೀದಿಯ ಲೈಟುಕಂಬಗಳ ಮೇಲೆ. ಮೊದಲನೆಯದು ಬರಹದಲ್ಲಿ ಇದೆ. ಎರಡನೆಯದನ್ನು ಯಾರೂ ಬರೆದಿಲ್ಲ. ಇಂದಿನ ನನ್ನ ಮಾತೆಲ್ಲ ಆ ಎರಡನೆಯದರ ಪರವಾಗಿ.

ಹಾಸನದಿಂದಲೇ ಶುರುಮಾಡುತ್ತೇನೆ. 1982ರಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಅಲ್ಲಿ ಕೆಲಸ ಆರಂಭಿಸಿತು. ಜಿಲ್ಲೆಯ ಜನ ಇವತ್ತಿಗೂ ಅದನ್ನು ಎಂಸಿಎಫ್ ಎಂದೇ ಕರೆಯುತ್ತಾರೆ. ಆ ವರ್ಷದ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಉಪಗ್ರಹ ಮೊದಲಿನಿಂದಲೂ ಕಾಟ ಕೊಟ್ಟು ಸೆಪ್ಟೆಂಬರಿನಲ್ಲಿ ಕೈಬಿಟ್ಟುಹೋಯಿತು. ಹೊಸ ಕೇಂದ್ರಕ್ಕೆ ಅದು ದೊಡ್ಡ ಪೆಟ್ಟು. ಮರುವರ್ಷ ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆ ಇನ್ಸಾಟ್-1ಬಿಯನ್ನು ಹೊತ್ತೊಯ್ದು ಬಿಟ್ಟಿತು. ಅದರ ಸೌರಫಲಕ ಸಿಕ್ಕಿಕೊಂಡಿತು, ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಫಲಕ ತೆರೆಯದಿದ್ದರೆ ವಿದ್ಯುತ್ ಇಲ್ಲ, ವಿದ್ಯುತ್ ಇಲ್ಲದಿದ್ದರೆ ಉಪಗ್ರಹವೇ ಇಲ್ಲ. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಎಂಜಿನಿಯರುಗಳು ನೆಲದಿಂದಲೇ ಆದೇಶ ಕಳಿಸಿ ಅದನ್ನು ಬಿಡಿಸಿದರು. ಅಕ್ಟೋಬರಿನಲ್ಲಿ ಉಪಗ್ರಹ ಸೇವೆಗೆ ಬಂತು.

ಇದಾದ ಮೇಲೆಯೇ ದೂರದರ್ಶನದ ರಿಲೇ ಕೇಂದ್ರಗಳು ದೇಶದ ತುಂಬ ಏಳುವುದಕ್ಕೆ ಸಾಧ್ಯವಾಯಿತು. 1984ರ ‘ಹಮ್ ಲೋಗ್’, 1987ರ ಜನವರಿ 25ರಂದು ಶುರುವಾದ ‘ರಾಮಾಯಣ’, 1988ರ ಅಕ್ಟೋಬರ್ 2ರ ‘ಮಹಾಭಾರತ’ ಇವೆಲ್ಲ ಊರೂರಿನ ರಿಲೇ ಕೇಂದ್ರಕ್ಕೆ ಬಂದದ್ದು ಉಪಗ್ರಹದ ಮೂಲಕ. ಆ ಉಪಗ್ರಹವನ್ನು ಸುಮಾರು 36,000 ಕಿ.ಮೀ. ಎತ್ತರದಲ್ಲಿ ಅಲುಗದಂತೆ ಕಾದದ್ದು ಹಾಸನ. ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಯ ಮುಂದೆ ಚಪ್ಪಲಿ ರಾಶಿ ಬೀಳುತ್ತಿದ್ದ ಕಾಲದಲ್ಲಿ ಈ ಸಂಗತಿ ಪಕ್ಕದ ತಾಲ್ಲೂಕಿನ ನಮ್ಮವರಲ್ಲೇ ಎಷ್ಟು ಜನಕ್ಕೆ ಗೊತ್ತಿತ್ತು? ಅದಕ್ಕೂ ಮುಂಚೆ, 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಚಿತ್ರ ಬಂದಿತ್ತು. ಕರ್ನಾಟಕದ ಪಾಲು ಗುಲ್ಬರ್ಗ, ರಾಯಚೂರು, ಬಿಜಾಪುರಗಳಿಗೆ ಹೋಗಿತ್ತು. ಉಪಗ್ರಹ ಟಿವಿಯನ್ನು ಕನ್ನಡ ನಾಡಿನಲ್ಲಿ ಮೊದಲು ಕಂಡವರು ಆ ಒಣಸೀಮೆಯ ರೈತರು, ಬೆಂಗಳೂರಿನವರಲ್ಲ.

ಇನ್ನು ಸ್ವಲ್ಪ ಹೊತ್ತು ಬ್ರಿಟನ್ನಿಗೆ ಹೋಗಿಬರೋಣ. ಈ ಸಂಕಿರಣದಲ್ಲಿ ಆ ದೇಶದ ಮೇಲೆ ಪ್ರಬಂಧಗಳಿವೆ, ಹೋಲಿಕೆಯಿಂದ ನಮ್ಮದು ಇನ್ನಷ್ಟು ಸ್ಪಷ್ಟವಾಗುತ್ತದೆ. ಇನ್ಸಾಟ್-1ಎ ಹಾರಿದ ತಿಂಗಳಲ್ಲೇ, 1982ರ ಏಪ್ರಿಲ್ 26ರಂದು, ಬ್ರಯಾನ್ ಹೇನ್ಸ್ ಎಂಬುವರ ಸ್ಯಾಟಲೈಟ್ ಟೆಲಿವಿಷನ್ ಲಿಮಿಟೆಡ್ ಪ್ರಸಾರ ಆರಂಭಿಸಿತು. ಬ್ರಿಟನ್ನಿನ ಮೊದಲ ಉಪಗ್ರಹ ವಾಹಿನಿ ಅದು. ಆದರೆ ಆರಂಭದಲ್ಲಿ ಬ್ರಿಟನ್ನಿನ ಜನರೇ ಅದನ್ನು ನೋಡುವಂತಿರಲಿಲ್ಲ. ಮಾಲ್ಟಾ, ನಾರ್ವೆ, ಫಿನ್ಲೆಂಡ್, ಸ್ವಿಟ್ಜರ್ಲೆಂಡಿನ ಕೇಬಲ್ ಮನೆಗಳಿಗೆ ಅದು ಹೋಗುತ್ತಿತ್ತು. ರೂಪರ್ಟ್ ಮರ್ಡೋಕ್ 1983ರಲ್ಲಿ ಅದನ್ನು ಕೊಂಡರು. 1984ರ ಜನವರಿಯಲ್ಲಿ ಅದು ಸ್ಕೈ ಚಾನೆಲ್ ಎಂಬ ಹೊಸ ಹೆಸರಿನಲ್ಲಿ ಸ್ವಿಂಡನ್ ಪಟ್ಟಣದ ಕೇಬಲ್ ಮೂಲಕ ತನ್ನ ದೇಶದವರ ಮನೆಗೆ ಕಾಲಿಟ್ಟಿತು. ಅದೇ ವರ್ಷ ಅಲ್ಲಿನ ಸಂಸತ್ತು ಕೇಬಲ್ ಕಾನೂನು ಮಾಡಿತು, ಅದರ ಅಡಿಯಲ್ಲಿ ಪಟ್ಟಣ ಪಟ್ಟಣಕ್ಕೆ ಇಂತಿಂಥವರು ಎಂದು ಪರವಾನಗಿ ಹಂಚಲಾಯಿತು. ಸಂಗೀತಕ್ಕೆ, ಮಕ್ಕಳಿಗೆ, ಕ್ರೀಡೆಗೆ ಎಂದು ಹುಟ್ಟಿದ ಸಣ್ಣ ವಾಹಿನಿಗಳಲ್ಲಿ ಕೆಲವು ಎರಡು ಮೂರು ವರ್ಷದಲ್ಲಿ ಕಣ್ಣು ಮುಚ್ಚಿದವು. 1989ರ ಫೆಬ್ರವರಿಯಲ್ಲಿ ಸ್ಕೈ ನಾಲ್ಕು ವಾಹಿನಿಗಳೊಂದಿಗೆ ಆಸ್ಟ್ರಾ ಉಪಗ್ರಹದಿಂದ ಇಳಿಯಿತು. ಸರ್ಕಾರದ ಅಧಿಕೃತ ಪರವಾನಗಿ ಇದ್ದ ಪೈಪೋಟಿ ಕಂಪನಿ ಬಿಎಸ್‌ಬಿ, ಚೌಕಾಕಾರದ ಪುಟ್ಟ ಡಿಶ್ ಇಟ್ಟುಕೊಂಡು 1990ರಲ್ಲಿ ತಡವಾಗಿ ಬಂತು, ಅದೇ ನವೆಂಬರಿನಲ್ಲಿ ಸ್ಕೈ ಜೊತೆ ವಿಲೀನವಾಯಿತು.

ಅಲ್ಲಿ ಕಾನೂನು, ಪರವಾನಗಿ, ತಂತಿ ಒಂದರ ಬೆನ್ನಿಗೆ ಒಂದು ಬಂದವು. ಹೀಗಾಗಿ ಪ್ರತಿ ಹೆಜ್ಜೆಗೂ ಕಾಗದ ಉಳಿಯಿತು. ಇಲ್ಲಿ ತಂತಿ ಮೊದಲು ಬಂತು. ನಮ್ಮ ಕೇಬಲ್ ಚರಿತ್ರೆಯ ಎಲ್ಲ ಶಕ್ತಿಯೂ, ಅದು ಹೀಗೆ ಅಳಿಸಿಹೋಗುತ್ತಿರುವ ಕಾರಣವೂ ಈ ಒಂದು ಸಂಗತಿಯಲ್ಲಿದೆ ಎಂದು ನಾನು ನಂಬಿದ್ದೇನೆ.

ಹೇಗೆ ಬಂತು ಆ ತಂತಿ? ವಿಡಿಯೋ ಕ್ಯಾಸೆಟ್ ಲೈಬ್ರರಿ ಇಟ್ಟುಕೊಂಡಿದ್ದವನೊಬ್ಬ, ರೇಡಿಯೋ ಟಿವಿ ರಿಪೇರಿ ಅಂಗಡಿಯವನೊಬ್ಬ, ತನ್ನ ವಿಸಿಆರ್‌ನಿಂದ ಪಕ್ಕದ ಮನೆಗಳಿಗೆ ವೈರ್ ಎಳೆದ. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧವನ್ನು ಸಿಎನ್‌ಎನ್ ನೇರವಾಗಿ ತೋರಿಸಿದಾಗ ಮಹಾನಗರಗಳ ದೊಡ್ಡ ಹೋಟೆಲುಗಳಲ್ಲಿ ಡಿಶ್‌ಗಳು ಬಂದವು. ಅದೇ ವರ್ಷ ಹಾಂಗ್‌ಕಾಂಗಿನ ಸ್ಟಾರ್ ಟಿವಿ ಏಷ್ಯಾಸ್ಯಾಟ್-1ರಿಂದ ಆರಂಭವಾಯಿತು. ಆ ಉಪಗ್ರಹದ ಕಥೆಯೂ ಸ್ವಾರಸ್ಯವಾದದ್ದು. 1984ರ ಫೆಬ್ರವರಿಯಲ್ಲಿ ವೆಸ್ಟಾರ್-6 ಎಂಬ ಹೆಸರಿನಲ್ಲಿ ಹಾರಿ, ದಾರಿ ತಪ್ಪಿ ನಿಂತಿದ್ದ ಅದನ್ನು ಅದೇ ವರ್ಷ ನವೆಂಬರಿನಲ್ಲಿ ಡಿಸ್ಕವರಿ ನೌಕೆಯ ಗಗನಯಾತ್ರಿಗಳು ಹಿಡಿದು ಭೂಮಿಗೆ ತಂದಿದ್ದರು. ಸರಿಮಾಡಿ 1990ರ ಏಪ್ರಿಲಿನಲ್ಲಿ ಚೀನಾದ ರಾಕೆಟ್ಟಿನಲ್ಲಿ ಮತ್ತೆ ಹಾರಿಸಿದರು. ಹಾಗೆ ಮರುಜನ್ಮ ಪಡೆದ ಉಪಗ್ರಹದ ಕಡೆಗೆ ನಮ್ಮ ಊರುಗಳ ಡಿಶ್‌ಗಳು ಪೂರ್ವಕ್ಕೆ ಮುಖಮಾಡಿದವು. 1992ರ ಅಕ್ಟೋಬರ್ 2ರಂದು ಜೀ ಟಿವಿ, 1993ರ ಏಪ್ರಿಲ್ 14ರಂದು ಸನ್ ಟಿವಿ. 1993ರಲ್ಲಿ ಸ್ಟಾರ್‌ನ ಬಹುಪಾಲನ್ನು ಕೊಂಡವರು ಬ್ರಿಟನ್ನಿನಲ್ಲಿ ಗೆದ್ದಿದ್ದ ಅದೇ ಮರ್ಡೋಕ್.

1994ರ ಜೂನ್ 1ರಂದು ಉದಯ ಟಿವಿ ಬಂತು, ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆಗ ಖಾಸಗಿ ವಾಹಿನಿಗಳು ಭಾರತದ ನೆಲದಿಂದ ಉಪಗ್ರಹಕ್ಕೆ ಕಾರ್ಯಕ್ರಮ ಏರಿಸುವಂತಿರಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆ ಆ ಹಕ್ಕನ್ನು ಸರ್ಕಾರಕ್ಕೇ ಇಟ್ಟಿತ್ತು. ಆ ಕಾಲದ ಖಾಸಗಿ ವಾಹಿನಿಗಳು ಕಾರ್ಯಕ್ರಮದ ಟೇಪುಗಳನ್ನು ವಿಮಾನದಲ್ಲಿ ಹೊರದೇಶಕ್ಕೆ ಕಳಿಸಿ, ಅಲ್ಲಿಂದ ವಿದೇಶಿ ಉಪಗ್ರಹಕ್ಕೆ ಏರಿಸಿ, ಮತ್ತೆ ನಮ್ಮ ಮನೆಗೆ ಇಳಿಸುತ್ತಿದ್ದವು. ಭಾರತದ ಉಪಗ್ರಹಗಳನ್ನು ನಡೆಸುವ ಕೇಂದ್ರ ಹಾಸನದಲ್ಲೇ ಇದ್ದರೂ ಹಾಸನದ ಜನ ನೋಡುತ್ತಿದ್ದ ಹೊಸ ವಾಹಿನಿಗಳು ಪರದೇಶ ಸುತ್ತಿ ಬರುತ್ತಿದ್ದವು. ಈ ವೈಚಿತ್ರ್ಯದ ಬಗ್ಗೆ ಒಂದು ಒಳ್ಳೆಯ ಪಿಎಚ್‌ಡಿ ಪ್ರಬಂಧವಾದರೂ ಆಗಬೇಕು.

ಅದೇ 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಉರ್ದು ವಾರ್ತೆ ಆರಂಭಿಸಿದಾಗ ಗಲಭೆ ಎದ್ದು ಜನ ಪ್ರಾಣ ಕಳೆದುಕೊಂಡರು. ಟಿವಿಯಲ್ಲಿ ಯಾವ ಭಾಷೆ, ಎಷ್ಟು ಹೊತ್ತು, ಯಾವಾಗ ಎಂಬುದು ನಮ್ಮಲ್ಲಿ ಸಾವುನೋವಿನ ಪ್ರಶ್ನೆಯಾಗಿತ್ತು. ಇದನ್ನು ಬಿಟ್ಟು ಬರೆದ ಕನ್ನಡ ಟಿವಿ ಚರಿತ್ರೆಗೆ ಬೆಲೆಯಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂದು ಚಿತ್ರರಂಗ ಹಿಡಿದ ಹಟದಿಂದ ನಮ್ಮ ಧಾರಾವಾಹಿಗಳು ಇಲ್ಲೇ ಬರೆದು, ಇಲ್ಲೇ ಅಭಿನಯಿಸಿ ತಯಾರಾಗಬೇಕಾಯಿತು. 1998ರಲ್ಲಿ ದೂರದರ್ಶನದಲ್ಲಿ ಬಂದ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’, 2000ದ ಡಿಸೆಂಬರಿನಲ್ಲಿ ಆರಂಭವಾದ ಈಟಿವಿ ಕನ್ನಡ ವಾಹಿನಿಯ ‘ಮೂಡಲಮನೆ’ ಮೊದಲಾದವು ರಂಗಭೂಮಿಯ ಎಷ್ಟೋ ಜನಕ್ಕೆ ಅನ್ನ ಕೊಟ್ಟವು. ಅದರ ಬಗ್ಗೆ ಮಧ್ಯಾಹ್ನದ ಗೋಷ್ಠಿಯಲ್ಲಿ ಬಲ್ಲವರು ಮಾತಾಡುತ್ತಾರೆ.

ಮತ್ತೆ ಕಂಬಕ್ಕೆ ಬರುತ್ತೇನೆ.

ಆಗಿನ ಟಿವಿ ಸೆಟ್ಟುಗಳಲ್ಲಿ ಹೆಚ್ಚಿನವು 2ರಿಂದ 12ರವರೆಗಿನ ಸ್ಥಾನಗಳನ್ನು ಮಾತ್ರ ಹಿಡಿಯುತ್ತಿದ್ದವು. ಅಗ್ಗದ ಮಾಡ್ಯುಲೇಟರ್ ಹಾಕಿದರೆ ಅಕ್ಕಪಕ್ಕದ ಸ್ಥಾನದ ಚಿತ್ರಗಳು ಒಂದರೊಳಗೊಂದು ನುಗ್ಗುತ್ತಿದ್ದವು, ಆದ್ದರಿಂದ ನಡುವೆ ಜಾಗ ಬಿಡಬೇಕಿತ್ತು. ಹಾಗಾಗಿ ಊರಿಗೆ ಯಾವ ಆರೇಳು ವಾಹಿನಿ ಬರಬೇಕು, ಯಾವುದು ನಿಚ್ಚಳವಾಗಿ ಕಾಣುವ ಸ್ಥಾನದಲ್ಲಿ ಇರಬೇಕು ಎಂದು ತೀರ್ಮಾನಿಸಿದವನು ಆಪರೇಟರ್. ವಾಹಿನಿಗೆ ಒಂದೊಂದು ರಿಸೀವರ್, ಉಪಗ್ರಹಕ್ಕೆ ಒಂದೊಂದು ಡಿಶ್, ಸಾಲದ ಕಂತು ಅವನದೇ. ಸಿಗ್ನಲ್ ಕುಗ್ಗಿದಲ್ಲಿ ಬೂಸ್ಟರ್ ಕಟ್ಟಬೇಕು, ಬೂಸ್ಟರಿಗೆ ಅಲ್ಲಿಯ ಮನೆಯಿಂದಲೋ ಕಂಬದಿಂದಲೋ ಕರೆಂಟ್ ಬೇಕು, ಕರೆಂಟ್ ಹೋದರೆ ಮುಂದಿನ ಬೀದಿಗೆಲ್ಲ ಚಿತ್ರವಿಲ್ಲ. ಸಿಡಿಲು ಬಡಿದ ರಾತ್ರಿಯ ಮರುದಿನ ಬೆಳಿಗ್ಗೆ ಅವನ ಮನೆಯ ಮುಂದೆ ಜನ ನಿಂತಿರುತ್ತಿದ್ದರು. ಅರಸೀಕೆರೆಯ ಸುತ್ತಿನ ತೆಂಗಿನ ತೋಟಗಳಲ್ಲಿ ಒಂದು ಬಗೆಯ ಕಷ್ಟ, ಬೇಲೂರಿನಾಚೆಯ ಕಾಫಿ ಸೀಮೆಯ ಗುಡ್ಡಗಳಲ್ಲಿ ಇನ್ನೊಂದು ಬಗೆ. ಗುಡ್ಡ ಅಡ್ಡವಾಗಿ ದೂರದರ್ಶನವೇ ಸರಿಯಾಗಿ ಕಾಣದ ಕಡೆ ಡಿಶ್ ಮಾತ್ರವೇ ದಾರಿ.

ಕಾನೂನು ಆಮೇಲೆ ಬಂತು. 1994ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ, 1995ರಲ್ಲಿ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆ. ಆಪರೇಟರುಗಳು ಪ್ರಧಾನ ಅಂಚೆ ಕಚೇರಿಗೆ ಹೋಗಿ ನೋಂದಾಯಿಸಿಕೊಳ್ಳಬೇಕು, ದೂರದರ್ಶನದ ಕನಿಷ್ಠ 2 ವಾಹಿನಿಗಳನ್ನು ಕೊಡಲೇಬೇಕು ಎಂದಿತು. 1995ರ ಫೆಬ್ರವರಿ 9ರಂದು ಸುಪ್ರೀಂ ಕೋರ್ಟು ಕ್ರಿಕೆಟ್ ಪ್ರಸಾರದ ಮೊಕದ್ದಮೆಯಲ್ಲಿ ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ಕೊಟ್ಟಿತು. ಆ ಹೊತ್ತಿಗೆ ನಮ್ಮ ಊರುಗಳ ಓಣಿಗಳಲ್ಲಿ ಕೇಬಲ್ ಆಗಲೇ ಹರಡಿತ್ತು.

ಆಪರೇಟರ್ ಕೈಯಲ್ಲಿ ಇನ್ನೊಂದು ಇತ್ತು, ಅದೇ ಲೋಕಲ್ ಚಾನೆಲ್. ಸಂಜೆ ಒಂದು ಸಿನಿಮಾ, ನಡುವೆ ಬಟ್ಟೆ ಅಂಗಡಿಯ ಜಾಹೀರಾತು, ಕಳೆದುಹೋದ ಹಸುವಿನ ಪ್ರಕಟಣೆ, ಶಾಲಾ ವಾರ್ಷಿಕೋತ್ಸವ, ನಗರಸಭೆಯ ನೀರಿನ ಸೂಚನೆ. ಸಣ್ಣ ಊರುಗಳಲ್ಲಿ ಜಾತ್ರೆ ತೇರುಗಳನ್ನೂ ಗಣಪತಿ ಪೆಂಡಾಲಿನ ಕಾರ್ಯಕ್ರಮಗಳನ್ನೂ ಹೆಗಲ ಮೇಲಿನ ಕ್ಯಾಮೆರಾದಲ್ಲಿ ತೆಗೆದು ತೋರಿಸಿದವರು ಇವರೇ. ಮುದುಕಿಯೊಬ್ಬಳು ತನ್ನ ಊರಿನ ತೇರನ್ನು ತನ್ನ ಮನೆಯ ಟಿವಿಯಲ್ಲಿ ಕಂಡದ್ದು, ಅವಳ ಭಾಷೆಯ ಉಚ್ಚಾರ ಅವಳಿಗೆ ಟಿವಿಯಿಂದ ಕೇಳಿದ್ದು, ಅದೇ ಮೊದಲು. ಬೆಂಗಳೂರಿನ ಸ್ಟುಡಿಯೋ ಕನ್ನಡ ಅದನ್ನು ಕೊಟ್ಟಿರಲಿಲ್ಲ. ನನ್ನ ತೀರ್ಮಾನದಲ್ಲಿ ಕನ್ನಡ ದೃಶ್ಯಮಾಧ್ಯಮದ ನಿಜವಾದ ಪ್ರಾದೇಶಿಕ ಯುಗ ಎಂದರೆ ಇದೇ.

ಆ ಟೇಪುಗಳು ಎಲ್ಲಿವೆ? ಬ್ರಿಟನ್ನಿನಲ್ಲಿ 1990ರ ಪ್ರಸಾರ ಕಾಯ್ದೆ ಟಿವಿ ಕಾರ್ಯಕ್ರಮಗಳನ್ನು ಕಾಪಿಡಲು ರಾಷ್ಟ್ರೀಯ ಸಂಗ್ರಹಾಲಯದ ಏರ್ಪಾಡು ಮಾಡಿತು. ನಮ್ಮಲ್ಲಿ 1954ರ ಕಾಯ್ದೆಯ ಪ್ರಕಾರ ಅಚ್ಚಾದ ಪ್ರತಿ ಪುಸ್ತಕವೂ ಗ್ರಂಥಾಲಯಕ್ಕೆ ಸೇರಬೇಕು. ಟಿವಿಗೆ ಅಂಥ ಕಡ್ಡಾಯವಿಲ್ಲ. ಉಪಗ್ರಹ ವಾಹಿನಿಗಳು ತಾವು ಪ್ರಸಾರ ಮಾಡಿದ್ದನ್ನು 90 ದಿನ ಇಟ್ಟುಕೊಂಡರೆ ನಿಯಮಕ್ಕೆ ಸಾಕು. ಲೋಕಲ್ ಚಾನೆಲ್ಲಿನ ಟೇಪನ್ನು ಇಡಿ ಎಂದು ಕೇಳಿದವರೇ ಇರಲಿಲ್ಲ. ಹೊಸ ಟೇಪಿಗೆ ದುಡ್ಡಿಲ್ಲದಾಗ ಹಳೆಯದರ ಮೇಲೆಯೇ ಹೊಸದನ್ನು ಮುದ್ರಿಸಿದರು. ಉಳಿದವು ಮಲೆನಾಡಿನ ಥಂಡಿಗೆ ಬೂಷ್ಟು ಹಿಡಿದವು. 2012ರಿಂದ 2017ರವರೆಗೆ ಹಂತಹಂತವಾಗಿ ಬಂದ ಡಿಜಿಟಲ್ ಕಡ್ಡಾಯದಲ್ಲಿ ಊರಿನ ಕಂಟ್ರೋಲ್ ರೂಮುಗಳು ಮುಚ್ಚಿ, ಡಿಶ್ಶು, ಮಾಡ್ಯುಲೇಟರುಗಳು ಗುಜರಿಗೆ ಹೋದವು. ಟೇಪ್ ಸಿಕ್ಕಿದರೂ ನೋಡುವ ಯಂತ್ರ ಸಿಗುವುದು ಕಷ್ಟ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ನಿಲ್ಲಿಸಿತು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲಿನಲ್ಲಿ 5ನೇ ಶತಮಾನದ ಕನ್ನಡ ಇನ್ನೂ ಓದಲು ಸಿಗುತ್ತದೆ. ಅದೇ ತಾಲ್ಲೂಕಿನ 1996ರ ಕನ್ನಡ ಕೇಳಲು ಸಿಗುತ್ತಿಲ್ಲ.

ಆದ್ದರಿಂದ ವಿದ್ಯಾರ್ಥಿಗಳಿಗೆ ನನ್ನ ಮಾತು ಇಷ್ಟು. ಧಾರಾವಾಹಿಗಳಲ್ಲಿ ಸ್ತ್ರೀ ಪಾತ್ರ ಎಂಬ ಪ್ರಬಂಧಗಳು ಬೇಕಾದಷ್ಟು ಬಂದಿವೆ, ಸ್ವಲ್ಪ ಕಾಲ ಅದನ್ನು ಬದಿಗಿಡಿ. ಅಂಚೆ ಕಚೇರಿಯ ನೋಂದಣಿ ಕಾಗದಗಳಲ್ಲಿ ಏನು ಉಳಿದಿದೆ ಎಂದು ಕೇಳಿ. ಮನರಂಜನಾ ತೆರಿಗೆಯ ಕಡತಗಳನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ತರಿಸಿ. ಆಪರೇಟರುಗಳ ಮನೆಯ ಅಟ್ಟದಲ್ಲಿ ಇರುವ ತಿಂಗಳ ವಸೂಲಿ ಪುಸ್ತಕ ಕೇಳಿ. ಯಾವ ಬೀದಿ ಯಾವ ವರ್ಷ ಸೇರಿತು, ಯಾರು ಬಿಟ್ಟರು, ಯಾರು ಕಂತಿನಲ್ಲಿ ಕೊಟ್ಟರು ಎಂಬ ಊರಿನ ಆರ್ಥಿಕ ಚರಿತ್ರೆ ಅದರಲ್ಲಿದೆ. ನಾನಾ ಭಾಷೆಯವರು ಕೂಡಿ ಬಾಳುವ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನವರು ಯಾವ ವಾಹಿನಿ ಬೇಕೆಂದು ಜಗಳ ಮಾಡಿದರು? ಹಳೇಬೀಡಿನ ದೇವಾಲಯದ ಸುತ್ತಿನ ಮನೆಗಳಿಗೆ ತಂತಿ ಹೇಗೆ ಹೋಯಿತು? ಮೊದಮೊದಲು ಕೇಬಲ್ ಬೇಡವೆಂದ ಮನೆ ಯಾವುದು, ಯಾಕೆ? ಉತ್ತರ ಬಲ್ಲವರು ಈ ಸಭೆಯಲ್ಲೇ ಇದ್ದಾರೆ.

ಸಂಘಟಕರಲ್ಲಿ ಒಂದು ವಿನಂತಿ. ಹಿಂದಿನ ಸಾಲಿನಲ್ಲಿರುವ ಆಪರೇಟರ್ ಬಂಧುಗಳನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ವೇದಿಕೆಗೆ ಕರೆಯಿರಿ, ಪ್ರೊಫೆಸರುಗಳು ಕೆಳಗೆ ಕುಳಿತು ಬರೆದುಕೊಳ್ಳಲಿ. ಅವರ ಮಾತನ್ನು ಪೂರ್ತಿ ರೆಕಾರ್ಡ್ ಮಾಡಿ, ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಲೋಕಲ್ ಚಾನೆಲ್ಲಿನ ಒಂದೇ ಒಂದು ಟೇಪ್ ಉಳಿದಿದ್ದರೂ ದಯವಿಟ್ಟು ಎಸೆಯಬೇಡಿ, ನಾಳೆ ಇಲ್ಲಿಗೆ ತನ್ನಿ.