ಸ್ವಂತ ಬಾವಿ, ಸ್ವಂತ ಹೊಣೆ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹೊಲಮನೆಯಲ್ಲಿ ಸ್ವಂತ ಬಾವಿ ಇರುವವರು ಭಾಗ್ಯವಂತರು. ಆದರೆ ಊರ ನಲ್ಲಿಯನ್ನು ನೋಡಿಕೊಳ್ಳಲು ಪಂಚಾಯಿತಿ ಇದೆ. ನಿಮ್ಮ ಬಾವಿಗೆ ನೀವೇ ಪಂಚಾಯಿತಿ.

"ನಮ್ಮ ನೀರು ಕನ್ನಡಿಯಂತಿದೆ, ಅಜ್ಜನ ಕಾಲದಿಂದ ಕುಡಿಯುತ್ತಿದ್ದೇವೆ" ಎನ್ನುತ್ತೀರಿ. ತಿಳಿಯಾದ ನೀರೆಲ್ಲ ಶುದ್ಧವಲ್ಲ. ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳನ್ನು ತರುವ ಕ್ರಿಮಿಗಳು ಕಣ್ಣಿಗೆ ಕಾಣವು. ದೊಡ್ಡವರು ತಡೆದುಕೊಂಡಾರು, ತೊಟ್ಟಿಲ ಕೂಸು ಒಂದೇ ದಿನದ ಭೇದಿಗೆ ಬಾಡಿಹೋಗುತ್ತದೆ.

ಈ ಕ್ರಿಮಿಗಳು ಬರುವುದು ನಮ್ಮ ಅಂಗಳದಿಂದಲೇ. ಮಳೆ ಬಿದ್ದೊಡನೆ ತಿಪ್ಪೆಯ, ಬಯಲಿನ ಹೊಲಸು ಕೊಚ್ಚಿಕೊಂಡು ಬಾವಿಗೆ ಇಳಿಯುತ್ತದೆ. ಆದ್ದರಿಂದ ಮುಂಗಾರಿಗೆ ಮೊದಲೇ ಬಾವಿಯ ಸುತ್ತ ಎರಡೂವರೆ ಅಡಿ ಎತ್ತರದ ಕಟ್ಟೆ ಕಟ್ಟಿಸಿ. ಕಟ್ಟೆಯ ಹೊರಗೆ ಮೂರಡಿ ಅಗಲಕ್ಕೆ ಗಾರೆ ಹಾಕಿಸಿ, ಇಳಿಜಾರು ಹೊರಕ್ಕಿರಲಿ. ಚೆಲ್ಲಿದ ನೀರು ಕಾಲುವೆಯಲ್ಲಿ ಹರಿದು ದೂರದ ಬಾಳೆಗೆ ಸೇರಲಿ. ತಿಪ್ಪೆ, ಕಕ್ಕಸು ಗುಂಡಿ ಕನಿಷ್ಠ 50 ಅಡಿ ದೂರ, ತಗ್ಗಿನ ಕಡೆ ಇರಲಿ. ಸೇದಲು ಒಂದೇ ಕೊಡ, ಒಂದೇ ಹಗ್ಗ ಸಾಕು. ಅವನ್ನು ನೆಲದ ಮೇಲೆ ಇಡಬೇಡಿ.

ಇನ್ನು ಬ್ಲೀಚಿಂಗ್ ಪುಡಿಯ ವಿಚಾರ. ದುಂಡು ಬಾವಿಯ ಅಗಲವನ್ನು ಅಷ್ಟರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 22ರಿಂದ ಗುಣಿಸಿ. ಅಳತೆ ಅಡಿಯಲ್ಲಿದ್ದರೆ ಲೀಟರು ಸಿಗುತ್ತದೆ. 10 ಅಡಿ ಅಗಲದ ಬಾವಿಯಲ್ಲಿ 8 ಅಡಿ ನೀರಿದ್ದರೆ 17,600 ಲೀಟರು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿಯಂತೆ ಸುಮಾರು 45 ಗ್ರಾಂ ಬೇಕು. ಸಂಜೆ ನೀರು ಸೇದಿ ಮುಗಿದ ಮೇಲೆ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ನೀರು ಬೆರೆಸಿ, ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಗ್ಗಿಸಿ, ಬಾವಿಗೆ ಇಳಿಸಿ, ಚೆನ್ನಾಗಿ ಅಲುಗಾಡಿಸಿ. ತಳದ ಸುಣ್ಣವನ್ನು ಬಾವಿಗೆ ಹಾಕಬೇಡಿ, ನೀರು ಗಡುಸಾದೀತು. ಬೆಳಿಗ್ಗೆ ಸೇದಿ ಬಳಸಿ. ಇದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ, ಮಳೆಗಾಲದುದ್ದಕ್ಕೂ ಮಾಡುತ್ತಿರಬೇಕು. ಪುಡಿಯ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಗಾಳಿ ತಗುಲಿದ ಪುಡಿಗೆ ಕಸುವಿಲ್ಲ.

ಇಷ್ಟರಿಂದ ಏನಾದೀತು ಎನ್ನಬೇಡಿ. ಮೆಟ್ಟಿಲು ಬಾವಿಗೆ ಕಾಲಿಟ್ಟು ನೀರು ತರುತ್ತಿದ್ದ ಕಾಲದಲ್ಲಿ ನಾರುಹುಣ್ಣು ನಮ್ಮ ನಾಡಿನಲ್ಲೂ ಇತ್ತು. ಅಂಥ ಬಾವಿಗಳನ್ನು ಸೇದುವ ಬಾವಿ ಮಾಡಿದರು, ಕೊಳವೆ ಬಾವಿ ಕೊರೆಸಿದರು, ನೀರನ್ನು ಬಟ್ಟೆಯಲ್ಲಿ ಸೋಸಿದರು. 1996ರ ನಂತರ ದೇಶದಲ್ಲಿ ಆ ರೋಗ ಕಾಣಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವು ಅದರಿಂದ ಮುಕ್ತವೆಂದು ಸಾರಿತು. ಅದಕ್ಕೆ ಲಸಿಕೆಯೂ ಇರಲಿಲ್ಲ, ಮದ್ದೂ ಇರಲಿಲ್ಲ.

ಕೊಳವೆ ಬಾವಿಯವರಿಗೊಂದು ಮಾತು: ಕೋಲಾರ, ತುಮಕೂರು ಮುಂತಾದ ಜಿಲ್ಲೆಗಳ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಕುದಿಸಿದರೂ, ಪುಡಿ ಹಾಕಿದರೂ ಅದು ಹೋಗದು. ಮಕ್ಕಳ ಹಲ್ಲು, ಮೂಳೆ ಕೆಡುತ್ತವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಒಮ್ಮೆ ನೀರನ್ನು ಪರೀಕ್ಷೆ ಮಾಡಿಸಿರಿ.

ಎತ್ತಿಗೆ ಹುಲ್ಲು ಹಾಕುವುದನ್ನು ನಾವು ಮರೆಯುವುದಿಲ್ಲ. ಬಾವಿಯ ಆರೈಕೆಯನ್ನೂ ಮರೆಯದಿರೋಣ. ನಾಳೆ ಬೆಳಿಗ್ಗೆಯೇ ಹಗ್ಗ ಹಿಡಿದು ನಿಮ್ಮ ಬಾವಿಯ ಅಳತೆ ತೆಗೆಯಿರಿ.